ಕುದುರೆಯ ಕೆಳಗಿನ ಜೋಳದ ಕಾಳು

ನಿನ್ನೆ ಬೆಳಿಗ್ಗೆ ಎದ್ದು ನಳದ ನೀರು ಹಿಡಿದೆ. ನಾಲ್ಕನೇ ಕೊಡ ಅರ್ಧ ತುಂಬುವಷ್ಟರಲ್ಲಿ ನೀರು ನಿಂತಿತು. ಹಾಲು ಕಾಸಿದೆ, ಅಂಗಳ ಗುಡಿಸಿದೆ, ಹತ್ತು ರೊಟ್ಟಿ ಬಡಿದೆ. ನಮ್ಮ ಮನೆಯವರ ಬಿ.ಪಿ. ಗುಳಿಗೆ ಮುಗಿದಿದ್ದವು, ಬಸ್‌ಸ್ಟ್ಯಾಂಡಿನ ತನಕ ನಡೆದು ಹೋಗಿ ತಂದೆ. ತೊಗರಿಬೇಳೆ ಆರಿಸಿಟ್ಟೆ. ಸಂಜೆ ಮಿರ್ಚಿಭಜಿ ಮಾಡೋಣವೆಂದು ಕಬ್ಬಿಣದ ಕಡಾಯಿಯಲ್ಲಿ ಕುಸುಬಿ ಎಣ್ಣೆ ಕಾಯಲು ಇಟ್ಟು, ಬಾಗಿಲಿಗೆ ಬಂದ ಪಕ್ಕದ ಮನೆಯಾಕೆಯ ಜೊತೆ ಮಾತಿಗೆ ನಿಂತುಬಿಟ್ಟೆ. ಒಳಗೆ ಬಂದು ನೋಡಿದರೆ ಎಣ್ಣೆ ದಟ್ಟಗೆ ಹೊಗೆಯಾಡುತ್ತಿತ್ತು.

ಗ್ಯಾಸ್ ಆರಿಸಿದೆ, ಕಿಟಕಿ ತೆರೆದೆ. ಹೊಗೆ ಹೋಯಿತು, ವಾಸನೆ ಹೋಗಲಿಲ್ಲ. ಕಾದ ಕಬ್ಬಿಣ, ಸುಟ್ಟ ಕುಸುಬಿ ಎಣ್ಣೆ... ಆ ಎರಡು ವಾಸನೆ ಒಟ್ಟಿಗೆ ಬಂದಾಗಲೆಲ್ಲ ನನಗೆ ಕಮಾನಿ ಕಾಕಾ ನೆನಪಾಗುತ್ತಾರೆ.

ಮದುವೆಯಾಗಿ ಸುರಪುರಕ್ಕೆ ಬಂದಾಗ ನಮ್ಮ ಮನೆಗೆ ಅಂಟಿಕೊಂಡೇ ಅವರ ಮನೆಯಿತ್ತು. ಮುಂದಿನ ಪಡಸಾಲೆಯೇ ಅವರ ಅಂಗಡಿ. ಬಂದೂಕು ರಿಪೇರಿಯ ಲೈಸೆನ್ಸಿಗೆ ಗಾಜು ಹಾಕಿಸಿ ಗೋಡೆಗೆ ತೂಗುಬಿಟ್ಟಿದ್ದರು. ಕಮಾನಿ ಎಂದರೆ ಸ್ಪ್ರಿಂಗು. ಹೊಲ ಕಾಯುವವರ ಹಳೇ ಬಂದೂಕುಗಳಿಗೆ ಪೇಟೆಯಲ್ಲಿ ಸ್ಪ್ರಿಂಗು ಸಿಗುತ್ತಿರಲಿಲ್ಲ. ಒಂದಕ್ಕೆ ಮಾಡಿದ್ದು ಇನ್ನೊಂದಕ್ಕೆ ಕೂಡುತ್ತಲೂ ಇರಲಿಲ್ಲ. ಹಾಗಾಗಿ ಕಾಕಾ ಲಾರಿ ಸ್ಪ್ರಿಂಗಿನ ಮುರಿದ ಉಕ್ಕಿನ ಪಟ್ಟಾ ತಂದು, ಕಾಸಿ, ಬಡಿದು, ಅರದಿಂದ ತಿಕ್ಕಿ, ಒಂದೊಂದನ್ನೂ ಕೈಯಿಂದಲೇ ಮಾಡುತ್ತಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ದಿನಾ ಬೆಳಿಗ್ಗೆ ಎರಡು ರೊಟ್ಟಿ, ಒಂದಿಷ್ಟು ಪಲ್ಯ ನಾನೇ ಕೊಟ್ಟು ಬರುತ್ತಿದ್ದೆ.

ನಮ್ಮ ಮಾವನವರ ಕಾಲದ ಬಂದೂಕೊಂದು ನಮ್ಮ ಮನೆಯಲ್ಲಿತ್ತು. ನಳಿಕೆಯ ಬಾಯಿಂದ ಮದ್ದು ತುಂಬುವಂಥದು. ಶೇಂಗಾ ಹೊಲಕ್ಕೆ ಹಂದಿ ಬೀಳುವ ದಿನಗಳಲ್ಲಿ ನಮ್ಮ ಮನೆಯವರು ಅದನ್ನು ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದರು. ಅದರ ಮೇಲಿನ ಸುತ್ತಿಗೆಗೆ ಕುದುರೆ ಎನ್ನುತ್ತಾರೆ. ಎತ್ತಿ ನಿಲ್ಲಿಸಿದ ಕುದುರೆ ಬಿದ್ದರೆ ಗುಂಡು ಹಾರುತ್ತದೆ. ಬೀಳದಂತೆ ಹಿಡಿಯುವ ಕೊಕ್ಕೆಯ ಹಿಂದೆ ಚಿಕ್ಕದೊಂದು ಕಮಾನಿ. ಅದು ಸೋತಿದೆ ಎಂದು ನಮಗೆ ಗೊತ್ತಾದದ್ದು, ಹೆಗಲ ಮೇಲಿದ್ದ ಬಂದೂಕು ತಾನಾಗಿಯೇ ಹಾರಿದ ದಿನ. ಅವರು ನಗುತ್ತಲೇ ಮನೆಗೆ ಬಂದು ಹೇಳಿದರು. ನಾನೂ ನಕ್ಕೆನೇನೋ... ಮರುದಿನ ಅವರ ತಲೆಗೆ ಸುತ್ತುವ ಟವೆಲ್ ಒಗೆಯುವಾಗ ಅದರ ಅಂಚು ನಾಲ್ಕು ಬೆರಳಿನಷ್ಟು ಸುಟ್ಟಿದ್ದು ಕಂಡಿತು. ಕಿವಿಯ ಮೇಲೆ ಬರುವ ಅಂಚು. ಆಗ ನನಗೆ ಐದು ತಿಂಗಳು.

ಬಂದೂಕು ಕಾಕಾನ ಅಂಗಡಿಗೆ ಹೋಯಿತು. ಹೊಸ ಕಮಾನಿಯೂ ಆಯಿತು. ಆದರೆ ಕಾಕಾ ಬಂದೂಕನ್ನು ಕೂಡಲೇ ಕೊಡುವವರಲ್ಲ. ಬಂದೂಕಿನಿಂದ ಕುದುರೆಯ ಭಾಗವನ್ನಷ್ಟೇ ಬಿಚ್ಚಿ ಬೆಂಚಿನ ಮೇಲೆ ಬಿಗಿಹಿಡಿಯುವ ವೈಸಿಗೆ ಸಿಕ್ಕಿಸುವರು. ಕುದುರೆ ಎತ್ತಿ ನಿಲ್ಲಿಸುವರು. ಅದು ಬಿದ್ದರೆ ಬಡಿಯುವ ಜಾಗದಲ್ಲಿ ಒಂದು ಕಬ್ಬಿಣದ ತುಂಡಿಟ್ಟು, ಅದರ ಮೇಲೆ ಒಂದೇ ಒಂದು ಜೋಳದ ಕಾಳು. ಹಾಗೆ ಮೂರು ದಿನ. ಕಮಾನಿ ಸಡಿಲಾದರೆ ಕುದುರೆ ಬಿದ್ದು ಕಾಳು ಹಿಟ್ಟಾಗುತ್ತದೆ. ನಾಲ್ಕನೇ ಬೆಳಿಗ್ಗೆ ಕಾಳು ಕಾಳಾಗಿಯೇ ಇದ್ದರೆ ಮಾತ್ರ ಬಂದೂಕು ಮನೆಗೆ.

“ಕಾಕಾ, ನೀವು ಕಾಳ ಕಾಯ್ಕೋತ ಕುಂದರ್ರಿ, ಅಲ್ಲಿ ಹಂದಿ ನನ್ನ ಶೇಂಗಾ ಎಲ್ಲಾ ಅಗದು ಒಗೀಲಿಕತ್ತಾವ” ಎಂದು ನಮ್ಮ ಮನೆಯವರು ದಿನಾ ಬಾಗಿಲಲ್ಲಿ ನಿಂತು ಹೇಳುತ್ತಿದ್ದರು.

“ಹಂದಿಗಿ ಹೇಳಪಾ, ಮೂರು ದಿನ ತಡೀರಿ ಅಂತ. ನಿನಕಿಂತ ಅವಕ್ಕ ತಾಳ್ಮಿ ಭಾಳ ಅದ” ಎನ್ನುತ್ತಿದ್ದರು ಕಾಕಾ.

ರೊಟ್ಟಿ ಕೊಡಲು ಹೋದಾಗ ಮೊದಲು ನಾನು ನೋಡುತ್ತಿದ್ದದ್ದು ಆ ಕಾಳನ್ನು. ಎರಡನೇ ದಿನ ಇತ್ತು. ಮೂರನೇ ದಿನವೂ ಇತ್ತು. ಕಾಳು ಗಟ್ಟಿಯಾಗಿ ಕೂತಷ್ಟೂ ನನ್ನ ಅಂಜಿಕೆ ಹೆಚ್ಚುತ್ತಿತ್ತು. ನಾಳೆ ಬಂದೂಕು ಬರುತ್ತದೆ, ಇವರು ಹೆಗಲಿಗೆ ಹಾಕಿಕೊಳ್ಳುತ್ತಾರೆ, ಮತ್ತೆ ಆ ಟವೆಲ್... ಬೇಡವೆಂದರೆ ಕೇಳುವವರಲ್ಲ. ಒಮ್ಮೆ ಹೇಳಿ ನೋಡಿದ್ದೆ. “ಹೊಸಾ ಕಮಾನಿ ಅದ, ಹುಚ್ಚಿ” ಎಂದು ನಕ್ಕಿದ್ದರು.

ಮೂರನೇ ದಿನ ಮಧ್ಯಾಹ್ನ ಕಾಕಾ ಇದ್ದಿಲು ತರಲು ಹೋದರು. ಬಾಗಿಲ ಚಿಲಕ ಹಾಕುವ ರೂಢಿ ಅವರಿಗಿರಲಿಲ್ಲ. ನಾನು ಒಳಗೆ ಹೋದೆ. ಕಾಳು ತೆಗೆದುಕೊಂಡು, ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿಟ್ಟು, ಅವರದೇ ಸುತ್ತಿಗೆಯಿಂದ ಮೆಲ್ಲಗೆ ಒಂದು ಏಟು ಹಾಕಿದೆ. ಹಿಟ್ಟನ್ನು ಬೆರಳಲ್ಲಿ ಒತ್ತಿ ತಂದು ಇದ್ದ ಜಾಗದಲ್ಲೇ ಉದುರಿಸಿದೆ. ಮನೆಗೆ ಬಂದು ಕೈ ತೊಳೆದುಕೊಳ್ಳುವಾಗ ಹೊಳೆಯಿತು. ಹಿಟ್ಟು ಕೆಳಗೆ ಬಿದ್ದಿದೆ, ಕುದುರೆ ಮೇಲೆ ನಿಂತೇ ಇದೆ! ತಿರುಗಿ ಹೋಗೋಣವೆಂದರೆ ಕಾಕಾ ಆಗಲೇ ಇದ್ದಿಲ ಚೀಲ ಇಳಿಸುತ್ತಿದ್ದರು. ಇಳಿಸಿಟ್ಟು ನೇರ ಹೋಟೆಲಿಗೆ ಹೋದರು. ಆ ಹೊತ್ತಿನಲ್ಲಾದರೂ ಹೋಗಿ ಬೀಳಿಸಬಹುದಿತ್ತು. ಆದರೆ ಕುದುರೆ ಮುಟ್ಟುವ ಧೈರ್ಯ ನನಗೆಲ್ಲಿಯದು...

ಮರುದಿನ ರೊಟ್ಟಿ ಹಿಡಿದುಕೊಂಡು ಹೋದಾಗ ಕಾಕಾ ಬೆಂಚಿನ ಮುಂದೆ ನಿಂತಿದ್ದರು. ಎತ್ತಿದ ಕುದುರೆ ನೋಡಿದರು, ಹಿಟ್ಟು ನೋಡಿದರು, ಅಡಿಗಲ್ಲಿನ ಮೇಲೆ ಉಳಿದಿದ್ದ ಬಿಳಿ ಗುರುತು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅಷ್ಟರಲ್ಲಿ ಹಿಂದಿನಿಂದ ನಮ್ಮ ಮನೆಯವರ ಚಪ್ಪಲಿ ಸದ್ದು.

ಕಾಕಾ ಹೆಬ್ಬೆರಳಿಟ್ಟು ಕುದುರೆಯನ್ನು ಮೆಲ್ಲಗೆ ಕೆಳಗಿಳಿಸಿದರು. ಸದ್ದೇ ಬರಲಿಲ್ಲ.

“ಏನಾತ್ರಿ ಕಾಕಾ?”

“ಬಿದ್ದದಪಾ. ಕಾಳ ಹಿಟ್ಟಾಗ್ಯದ. ಮತ್ತೊಂದು ಮಾಡಬೇಕು.”

“ನಿಮ್ಮ ಕೈಯಾಗಿಂದು ಬೀಳ್ತದೇನ್ರಿ?”

“ಕೈಗಿ ವಯಸ್ಸಾಗಂಗಿಲ್ಲೇನು?” ಎಂದು ಕಾಕಾ ಆ ಕಮಾನಿ ಬಿಚ್ಚಿ ಹಳೇ ಕಬ್ಬಿಣದ ಡಬ್ಬಿಗೆ ಒಗೆದರು. ಅದು ಗಟ್ಟಿ ಕಮಾನಿ ಎಂದು ಕಾಕಾನಿಗೂ ನನಗೂ ಮಾತ್ರ ಗೊತ್ತಿತ್ತು.

ನಮ್ಮ ಮನೆಯವರು ಹೋದ ಮೇಲೆ ಬಾಯಿ ತೆರೆದೆ. “ಕಾಕಾರ, ಅದು ನಾನ...”

“ಪಲ್ಯಕ್ಕ ಉಪ್ಪ ಕಮ್ಮಿ ಆಗ್ಯದ ಇವತ್ತು” ಎಂದರು. ನಾನು ಇನ್ನೂ ಬುತ್ತಿ ಬಿಚ್ಚಿಯೇ ಇರಲಿಲ್ಲ. “ಕುಂದರು ತಂಗಿ. ಇದು ಹೆಂಗ ಆಗ್ತದ ನೋಡು.”

ಕೂತು ನೋಡಿದೆ. ತೆಳುವಾಗಿ ಬಡಿದ ಪಟ್ಟಿಯನ್ನು ಕೆಂಪಗೆ ಕಾಸಿ ಚಿಮಟದಂತೆ ಮಡಚಿದರು. ಮತ್ತೆ ಕಾಸಿ ಕುಸುಬಿ ಎಣ್ಣೆಯಲ್ಲಿ ಅದ್ದಿದರು. ಹಾಗೇ ಬಿಟ್ಟರೆ ಗಾಜಿನಂತೆ ಒಡೆಯುತ್ತದಂತೆ. ಅದಕ್ಕೆ ಎಣ್ಣೆ ಸವರಿ ಬೆಂಕಿಯ ಮೇಲೆ ಹಿಡಿದರು. ಎಣ್ಣೆ ತಾನೇ ಹೊತ್ತಿಕೊಂಡು, ಉರಿದು, ಆರಿತು. ಹೀಗೆ ಮೂರು ಸಲ. ಪಡಸಾಲೆ ತುಂಬ ಆ ವಾಸನೆ. ಆರಿದ ಮೇಲೆ ನನ್ನ ಕೈಗೆ ಕೊಟ್ಟರು.

“ಒತ್ತು. ನಿನ್ನ ಅಂಜಿಕಿ ಮುಗಿಯೂತನ ಒತ್ತು.”

ಹೆಬ್ಬೆರಳು ನೋಯುವವರೆಗೆ ಒತ್ತಿದೆ. ಪ್ರತಿ ಸಲವೂ ಅದು ಇದ್ದಲ್ಲಿಗೇ ಬಂದು ನಿಂತಿತು. ಈ ಸಲ ಕಾಳು ಇಟ್ಟವಳೂ ನಾನೇ. ಮೂರು ದಿನ ಅದು ಕದಲಲಿಲ್ಲ. ಬಂದೂಕು ಮನೆಗೆ ಬಂತು, ಇವರು ಹೊಲಕ್ಕೆ ಹೋದರು, ಸುರಕ್ಷಿತವಾಗಿ ಬಂದರು. ಅಂಜಿಕೆ ಪೂರಾ ಹೋಯಿತೆಂದು ಹೇಳಲಾರೆ. ಇವರು ಬರುವ ತನಕ ಹೊಸ್ತಿಲಲ್ಲೇ ಕೂತಿರುತ್ತಿದ್ದೆ.

ಆದರೆ ಮಾತು ಓಣಿ ದಾಟಿತ್ತು. ಕಮಾನಿ ಕಾಕಾನ ಕಮಾನಿ ಬಿತ್ತಂತೆ ಎಂದು ಹೋಟೆಲಿನಲ್ಲಿ ನಗೆಯಾಡಿದರು. ಕೆಲವರು ಬಂದೂಕು ಹಿಡಿದು ಯಾದಗಿರಿಗೆ ಹೋಗತೊಡಗಿದರು. ಕಾಕಾನ ಕುಲುಮೆ ಕೆಲವು ದಿನ ಹೊತ್ತುತ್ತಲೇ ಇರಲಿಲ್ಲ. ನಾನು ರೊಟ್ಟಿಯ ಜೊತೆ ತುಪ್ಪ ಇಡಲು ಶುರುಮಾಡಿದೆ. ತುಪ್ಪವನ್ನು ತಿನ್ನುತ್ತಿದ್ದರು, ಆ ಮಾತು ಎತ್ತಲು ಮಾತ್ರ ಬಿಡುತ್ತಿರಲಿಲ್ಲ.

ಕಾಕಾ ತೀರಿಕೊಂಡಾಗ ನಾವು ವಡಗೇರಾದಲ್ಲಿ ಮದುವೆಗೆ ಹೋಗಿದ್ದೆವು. ಬರುವಷ್ಟರಲ್ಲಿ ಮಣ್ಣಾಗಿತ್ತು... ಆ ಪಡಸಾಲೆಯಲ್ಲಿ ಈಗ ಝೆರಾಕ್ಸ್ ಅಂಗಡಿ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಯ್ದಿಟ್ಟು ಮತ್ತೆ ತರುವುದು ಬೇಸರವಾಗಿ, ನಮ್ಮ ಮನೆಯವರು ಬಂದೂಕನ್ನೂ ಲೈಸೆನ್ಸನ್ನೂ ಒಪ್ಪಿಸಿಬಿಟ್ಟರು.

ನಿನ್ನೆ ಊಟಕ್ಕೆ ಕೂತಾಗ ಎಲ್ಲವನ್ನೂ ಅವರಿಗೆ ಹೇಳಿದೆ. ಅವರ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

“ಕಾಕಾಗ ಗೊತ್ತಿತ್ತೇನು?”

“ಗೊತ್ತಿತ್ರಿ.”

ತುತ್ತನ್ನು ತಾಟಿಗೆ ಇಳಿಸಿದರು. “ಹೋಟೆಲ್‌ನಾಗ ಮದಲ ನಕ್ಕಾಂವ ನಾನಽ” ಎಂದರು.

ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ ಊಟ. ಸುಟ್ಟ ಎಣ್ಣೆ ಚೆಲ್ಲಿದ್ದರಿಂದ ಭಜಿ ಇರಲಿಲ್ಲ. ಅವರು ಒಂದೇ ರೊಟ್ಟಿ ತಿಂದು ಎದ್ದರು. ದಿನಾ ತಲೆ ಇಟ್ಟ ಕೂಡಲೇ ಗೊರಕೆ ಹೊಡೆಯುವವರು ನಿನ್ನೆ ಕಣ್ಣು ಬಿಟ್ಟುಕೊಂಡೇ ಬಿದ್ದಿದ್ದರು. ಮೊದಲು ನಿದ್ದೆ ಹೋದವಳು ನಾನು.