ಮನೆಯವರು

ಕಕ್ಕಬೆಯ ಆ ಹೋಂಸ್ಟೇಯಲ್ಲಿ ಅಡುಗೆ ನನ್ನದಾಗಿತ್ತು. ಅದರ ಸಾಹುಕಾರರಿಗೆ ಒಂದು ಚಟ. ಬೆಳಗಿನ ತಿಂಡಿಗೆ ಗೆಸ್ಟುಗಳೆಲ್ಲ ಜಗಲಿಯ ಉದ್ದ ಮೇಜಿಗೆ ಬಂದು ಕೂತ ಮೇಲೆ, ಅಡುಗೆಮನೆಯಿಂದ ನಮ್ಮನ್ನು ಕರೆಸಿ ಸಾಲಾಗಿ ನಿಲ್ಲಿಸಿ, "ಇವರು ಕೆಲಸದವರಲ್ಲ, ನಮ್ಮ ಮನೆಯವರು" ಎನ್ನುತ್ತಿದ್ದರು. ಗೆಸ್ಟುಗಳು ಚಪ್ಪಾಳೆ ತಟ್ಟಿ ಫೋಟೊ ತೆಗೆಯುವರು. ಮನೆಯವರಾದ ನಾವು ಹಲ್ಲು ಕಿರಿದು, ಒಳಗೆ ಹೋಗಿ ಅವರ ಎಂಜಲು ತಟ್ಟೆ ತೊಳೆಯುತ್ತಿದ್ದೆವು.

ತಂಗಿ ಸಾಹುಕಾರರ ಕಾಫಿ ಎಸ್ಟೇಟಿನಲ್ಲಿ ಕೂಲಿ ಮಾಡುತ್ತಾ, ಅಲ್ಲಿಯ ಕೂಲಿಯವರ ಲೈನ್ ಮನೆಯಲ್ಲಿದ್ದಳು. ಅವಳ ಮಗಳು ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿಸಿ ರಜೆಯಲ್ಲಿದ್ದಾಗ, ರೂಮುಗಳಿಗೆ ಬೆಳಗಿನ ಕಾಫಿ ಕೊಡಲು ಕರೆದರು. "ಚಿಕ್ಕ ಹುಡುಗಿ ತಂದುಕೊಟ್ರೆ ಗೆಸ್ಟುಗಳಿಗೆ ಖುಷಿ" ಎಂದರು ಸಾಹುಕಾರರು. ಎಂಥ ಖುಷಿಯೋ!

ಒಂದು ಬೆಳಿಗ್ಗೆ ಹುಡುಗಿ ಬರಿಗೈಯಲ್ಲಿ ಅಡುಗೆಮನೆಗೆ ಓಡಿಬಂದಳು. ಮೂಲೆ ರೂಮಿನಲ್ಲಿದ್ದವನು ಸಾಹುಕಾರರ ಹಳೆಯ ಸ್ನೇಹಿತ. ಬಾಗಿಲ ಚಿಲಕ ಹಾಕಿ ಅವಳನ್ನು ಹಿಡಿದುಕೊಂಡಿದ್ದ. ಇವಳು ಬಿಸಿ ಕಾಫಿಯನ್ನು ಅವನ ಕೈ ಮೇಲೆ ಸುರಿದು ತಪ್ಪಿಸಿಕೊಂಡಿದ್ದಳು. ನನ್ನ ಮೈಯೆಲ್ಲ ಉರಿದುಹೋಯಿತು. ಮುಖಕ್ಕೇ ಎರಚಬೇಕಿತ್ತು ಎಂಬ ಮಾತು ಬಾಯಿ ತನಕ ಬಂತು. ಅದನ್ನು ನುಂಗಿ ಅವಳನ್ನು ತಬ್ಬಿಕೊಂಡೆ.

ಹಿಂದೆಯೇ ಸಾಹುಕಾರರು ಬಂದರು. ಹುಡುಗಿಗೆ ಏನಾಯಿತೆಂದು ಕೇಳಲಿಲ್ಲ. "ಅವರ ಕೈ ಸುಟ್ಟಿದೆ. ತಿಂಡಿ ಹೊತ್ತಿಗೆ ಇವಳು ಸಾರಿ ಕೇಳ್ಬೇಕು. ಇಲ್ದಿದ್ರೆ ನಿನ್ ತಂಗಿ ಇವತ್ತೇ ಲೈನ್ ಖಾಲಿ ಮಾಡ್ಲಿ" ಎಂದು ಹೋದರು.

ಸುದ್ದಿ ತಿಳಿದು ತಂಗಿ ಅಳುತ್ತಾ ಬಂದಳು. "ಒಂದು ಮಾತು ತಾನೆ ಅಕ್ಕ, ಕೇಳಿಬಿಡ್ಲಿ. ಮನೆ ಹೋದ್ರೆ ಎಲ್ಲಿಗೆ ಹೋಗದು?"

"ಸಾರಿ ಕೇಳಿದ್ರೆ ತಪ್ಪು ನಂದು ಅಂತಾಗ್ತದೆ ದೊಡ್ಡಮ್ಮ" ಎಂದಳು ಹುಡುಗಿ.

"ನೀನು ಕೇಳ್ಬೇಡ. ನಡೆದಿದ್ದನ್ನ ಎಲ್ಲರ ಮುಂದೆ ನಾನು ಹೇಳ್ಲಾ?" ಎಂದೆ. ಹುಡುಗಿ ಹೂಂ ಎಂದು ತಲೆಯಾಡಿಸಿದಳು. ಕರೆದುಕೊಂಡು ಬರುತ್ತೇನೆಂದು ಸಾಹುಕಾರರಿಗೆ ಹೇಳಿಕಳಿಸಿದೆ.

ಅವತ್ತಿನಷ್ಟು ನಿಧಾನವಾಗಿ ನಾನು ಯಾವತ್ತೂ ಕಡುಬು ಬೇಯಿಸಿಲ್ಲ. ಮೇಜು ಪೂರ್ತಿ ತುಂಬಲಿ ಎಂದು ಕಾದೆ. ಅವನೂ ಕೈಗೆ ಬಟ್ಟೆ ಸುತ್ತಿಕೊಂಡು ಬಂದು ಕೂತ. ನಾವು ಸಾಲಾಗಿ ನಿಂತೆವು. ಸಾಹುಕಾರರ ಬಾಯಿ ರೂಢಿಯಂತೆ ತಾನಾಗಿಯೇ, "ಇವರು ನಮ್ಮ ಮನೆಯವರು" ಎಂದಿತು.

"ಹೌದು" ಎಂದೆ, ಮೇಜಿನ ಆ ತುದಿಗೂ ಕೇಳುವ ಹಾಗೆ. "ಇವಳು ಈ ಮನೆ ಮಗಳು, ಇನ್ನೂ ಹದಿನಾರು. ಕೈಗೆ ಬಟ್ಟೆ ಸುತ್ಕಂಡು ಕೂತಿದಾನಲ್ಲ, ಅವ್ನು ಬೆಳಿಗ್ಗೆ ಚಿಲ್ಕ ಹಾಕಿ ಇವಳನ್ನ ಹಿಡ್ಕಂಡ. ಅವನ ಹತ್ರ ಇವಳೇ ಸಾರಿ ಕೇಳ್ಬೇಕು ಅಂತಾರೆ ಸಾವ್ಕಾರ್ರು. ಕೇಳ್ಬೇಕಾ? ನೀವೇ ಹೇಳಿ."

ಅವನ ಮುಖ ಬೂದಿ ಬಳಿದಂತಾಯಿತು. ಸಾಹುಕಾರರು ನಗಲು ನೋಡಿದರು, ಆಗಲಿಲ್ಲ. ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ. ಮಕ್ಕಳ ಜೊತೆ ಬಂದಿದ್ದ ಒಬ್ಬ ಹೆಂಗಸು ಎದ್ದು, ಅವನ ಪಕ್ಕ ಕೂತಿದ್ದ ತನ್ನ ಮಗಳನ್ನು ಎಳೆದುಕೊಂಡಳು. ಆಮೇಲೆ ತನ್ನ ಕಾರಿನಲ್ಲೇ ನಮ್ಮನ್ನು ಠಾಣೆಗೆ ಕರೆದೊಯ್ದಳು. ಸಂಜೆಯೊಳಗೆ ಅವನನ್ನು ಹಿಡಿದರು.

ನನ್ನ ಕೆಲಸ ಹೋಯಿತು. ತಂಗಿಯನ್ನು ಮನೆ ಬಿಡಿಸಲು ಸಾಹುಕಾರರು ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು ಲೈನಿಗೆ ಕಳಿಸಿದರು. ಅಲ್ಲಿಯ ಹೆಂಗಸರೆಲ್ಲ ಅವಳ ಬಾಗಿಲಿಗೆ ಅಡ್ಡ ನಿಂತರು. "ಇವಳ ಪಾತ್ರೆ ಹೊರಗೆ ಬಂದ್ರೆ ನಮ್ದೂ ಬರ್ತದೆ. ಆಮೇಲೆ ಸಾವ್ಕಾರ್ರೇ ಏಣಿ ಹತ್ತಿ ಕರಿಮೆಣಸು ಕುಯ್ಕೊಳ್ಲಿ" ಎಂದರು. ರೈಟರ್ ಬಂದ ದಾರಿಯಲ್ಲೇ ವಾಪಸ್ ಹೋದ.

ಕೇಸು ಇನ್ನೂ ನಡೆಯುತ್ತಿದೆ. ಅವನು ಜಾಮೀನಿನ ಮೇಲೆ ಹೊರಗಿದ್ದಾನೆ. ನಾನೀಗ ವಿರಾಜಪೇಟೆಯ ಹೋಟೆಲೊಂದರಲ್ಲಿ ಅಡುಗೆಯವಳು. ಹುಡುಗಿ ನನ್ನ ಜೊತೆಗಿದ್ದು ಕಾಲೇಜಿಗೆ ಹೋಗುತ್ತಾಳೆ. ಮೊನ್ನೆ ಅವನ ಕಡೆಯವರು ಹಣ್ಣಿನ ಚೀಲ ಹಿಡಿದು ರಾಜಿಗೆ ಬಂದಿದ್ದರು. "ಅವರು ವಯಸ್ಸಾದವರು, ಮರೆತುಬಿಡಿ" ಎಂದರು. ನಾನು ಬಯ್ಯಲು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ಒಳಗಿನಿಂದ ಬಂದಳು.

"ದೊಡ್ಡಮ್ಮ, ನೀನು ಸುಮ್ನಿರು" ಎಂದಳು. ಅವರ ಕಡೆ ತಿರುಗಿ, "ನಾನು ಮರ್ತಿಲ್ಲ. ಕೋರ್ಟಲ್ಲಿ ನಾನೇ ಹೇಳ್ತೀನಿ" ಎಂದು ಚೀಲವನ್ನು ಅವರ ಕೈಗೇ ವಾಪಸ್ ಕೊಟ್ಟಳು. ಅವರು ರಸ್ತೆ ಮುಟ್ಟುವ ತನಕ ಬಾಗಿಲಲ್ಲೇ ನಿಂತು ನೋಡಿದಳು.