ಅಕ್ಕೋರ ಕಾನೂನು

ಅದು 1979ನೇ ಇಸವಿ. ದೀಪಾವಳಿ ಮುಗಿದು ಬಿಸಿಲು ಮತ್ತೆ ಚುರುಗುಟ್ಟತೊಡಗಿದ ದಿನಗಳು. ನಮ್ಮ ಯಜಮಾನರಿಗೆ ಕುಮಟೆಯ ಬ್ಯಾಂಕಿಗೆ ಟ್ರಾನ್ಸ್‌ಫರ್ ಆಗಿ, ನಾವು ಹೊಳನಗದ್ದೆಯಲ್ಲೊಂದು ಬಾಡಿಗೆ ಮನೆ ಹಿಡಿದಿದ್ದೆವು. ನಾನು ಪೇಟೆಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. ದಿನಾ ಲೇಡೀಸ್ ಸೈಕಲ್ ಮೇಲೆ ಹೋಗಿ ಬರುತ್ತಿದ್ದೆ. ಸೀರೆ ಉಟ್ಟು ಸೈಕಲ್ ಹೊಡೆಯುವ ಹೆಂಗಸೆಂದರೆ ಆ ಕಾಲಕ್ಕೆ ನಿಂತು ನೋಡುವ ಸಂಗತಿ. ಅದು ಸಾಲದು ಎಂಬಂತೆ ನನ್ನ ತಲೆಯ ಮೇಲೊಂದು ಸೋಲಾ ಹ್ಯಾಟು ಇರುತ್ತಿತ್ತು.

ಅದು ನನ್ನ ಅಜ್ಜನದು. ಮುಂಬಯಿ ಪ್ರಾಂತದ ಕಾಲದಲ್ಲಿ ಅವರು ಕಂದಾಯ ಇಲಾಖೆಯಲ್ಲಿದ್ದಾಗ ಕ್ಯಾಂಪಿಗೆ ಹೋಗುವಾಗ ಹಾಕುತ್ತಿದ್ದ ಖಾಕಿ ಬಟ್ಟೆಯ ಹ್ಯಾಟು. ಒಳಗೆಲ್ಲ ದಪ್ಪ ಬೆಂಡು. ಗಾಳಿಗೆ ಹಾರದಿರಲೆಂದು ಎರಡೂ ಬದಿಗೆ ಟೇಪು ಹೊಲಿದು ಗದ್ದದ ಕೆಳಗೆ ಕಟ್ಟಿಕೊಳ್ಳುತ್ತಿದ್ದೆ. ದಾರಿಯಲ್ಲಿ ಮಕ್ಕಳು "ಕಲೆಕ್ಟರು ಬಂದ್ರು, ಕಲೆಕ್ಟರು ಬಂದ್ರು" ಎಂದು ಕೂಗಿದರೆ ಒಮ್ಮೊಮ್ಮೆ ಸೆಲ್ಯೂಟ್ ಹೊಡೆದು ಮುಂದೆ ಹೋಗುತ್ತಿದ್ದೆ. ಫ್ಯಾಷನ್ನಿಗಾಗಿ ಹಾಕಿದ್ದಾದರೆ ಎಂದೋ ಬಿಡುತ್ತಿದ್ದೆನೇನೋ.

ನನ್ನ ಅಣ್ಣ, ನಾನಿನ್ನೂ ಕಾನ್ವೆಂಟಿನ ಬೋರ್ಡಿಂಗಿನಲ್ಲಿದ್ದಾಗ, ಗೆಳೆಯರ ಜೊತೆ ಹೊನ್ನಾವರದಿಂದ ಅಪ್ಸರಕೊಂಡಕ್ಕೆ ಸೈಕಲ್ ಮೇಲೆ ಪಿಕ್‌ನಿಕ್ ಹೋಗಿದ್ದ. ಬರುವಾಗ ಇಳಿಜಾರಿನಲ್ಲಿ ಜಾರಿ ಬಿದ್ದ. ಮೈಮೇಲೆ ಒಂದು ಗೀರೂ ಇರಲಿಲ್ಲವಂತೆ. ಎದ್ದು, ಪ್ಯಾಂಟು ಕೊಡವಿಕೊಂಡು, ಅದೇ ಸೈಕಲ್ ಹೊಡೆದುಕೊಂಡು ಮನೆಗೆ ಬಂದ. ಅಮ್ಮ ಕೊಟ್ಟ ಚಹಾ ಕುಡಿದ. "ತಲೆ ಸ್ವಲ್ಪ ಭಾರ, ಮಲಗ್ತೇನೆ" ಎಂದ. ಮತ್ತೆ ಏಳಲಿಲ್ಲ. ಸಿಸ್ಟರ್ ನನ್ನನ್ನು ಪಾರ್ಲರಿಗೆ, ಅಂದರೆ ಭೇಟಿಯ ಕೋಣೆಗೆ, ಕರೆದು ಈ ಸುದ್ದಿ ಹೇಳಿದಾಗ ನಾನು ಕೇಳಿದ್ದು ಒಂದೇ ಮಾತು: "ಬಟ್ ಸಿಸ್ಟರ್, ಅವನು ಎದ್ದು ನಿಂತಿದ್ದನಲ್ಲ?" ಆ ಮಾತು ನನ್ನ ಜೊತೆಗೇ ಬೆಳೆಯಿತು.

ಹೊಳನಗದ್ದೆಯ ಕೇರಿಗಳಿಗೆ ಸೈಕಲ್ ಮೇಲೆ ಮೀನು ತರುತ್ತಿದ್ದವನು ಜಟ್ಟಿ. ನಾನು ಜಟ್ಟಣ್ಣ ಎನ್ನುತ್ತಿದ್ದೆ. ಕ್ಯಾರಿಯರಿನ ಮೇಲೆ ಮೀನಿನ ಬುಟ್ಟಿ, ಹ್ಯಾಂಡಲ್ಲಿಗೆ ರಬ್ಬರಿನ ಹಾರ್ನು, ತಲೆಗೆ ಅಡಿಕೆ ಹಾಳೆಯ ಟೊಪ್ಪಿ. ಟೊಪ್ಪಿ ಸಂತೆಗುಳಿಯಿಂದ ಬರುತ್ತಿತ್ತು. ಅಲ್ಲಿಯ ತೋಟದ ಕೆಲಸದವನೊಬ್ಬ ಇವನ ಬಂಗಡೆ ತಿಂದು ಖುಷಿಯಾದಾಗೆಲ್ಲ ಒಂದೊಂದು ಹೊಸ ಟೊಪ್ಪಿ ಮಾಡಿಕೊಡುತ್ತಿದ್ದನಂತೆ. ಆದರೆ ಆ ಟೊಪ್ಪಿ ಅವನ ತಲೆಯ ಮೇಲೆ ನಿಲ್ಲುತ್ತಿದ್ದುದೇ ಕಡಿಮೆ. ದಾರಿಯಲ್ಲಿ ಊರಿನ ದೊಡ್ಡವರು ಕಂಡರೆ ತೆಗೆಯಬೇಕು. ಭಟ್ಟರು ಕಂಡರೆ ತೆಗೆಯಬೇಕು. ಜಮೀನು ಇದ್ದವರ ಜಗಲಿ ದಾಟುವಾಗ, ಜಗಲಿ ಮೇಲೆ ಯಾರೂ ಇಲ್ಲದಿದ್ದರೂ ತೆಗೆಯಬೇಕು. ನಾನು ಶಾಲೆಯ ಅಕ್ಕೋರು, ಆದ್ದರಿಂದ ನನಗೂ ತೆಗೆಯುತ್ತಿದ್ದ. ಸೈಕಲ್ ಓಡುತ್ತಿದ್ದಂತೆಯೇ ಬಲಗೈ ಮೇಲೆ ಹೋಗುತ್ತಿತ್ತು. ಅವನಿಗೆ ಅದು ಉಸಿರಾಡಿದಷ್ಟೇ ರೂಢಿ.

ನನ್ನ ಹ್ಯಾಟಿನ ಬಗ್ಗೆ ಅವನಿಗೆ ಬಹಳ ತಮಾಷೆ.

"ಅಕ್ಕೋರೆ, ಒಳಗೆ ಬೆಂಡಲ್ದಾ? ನಾವು ಬಲೆಗೆ ಕಟ್ಟೂದೂ ಅದೇ ನಮೂನೆ. ನೀವು ಸೈಕಲ್ ಸಮೇತ ಹೊಳೆಗೆ ಬಿದ್ರೂ ಮುಳುಗೂದಿಲ್ಲ ಬಿಡಿ!"

"ನಗಬೇಡ ಜಟ್ಟಣ್ಣ. ರಾತ್ರಿ ದೀಪ ಇಲ್ಲದೆ ಸೈಕಲ್ ಹೊಡೆದರೆ ಪೊಲೀಸರು ಹಿಡಿಯೋದಿಲ್ವಾ? ಹಾಗೇ ತಲೆಗೆ ಗಟ್ಟಿ ಟೊಪ್ಪಿ ಇಲ್ಲದೆ ಸೈಕಲ್ ಹತ್ತಿದರೂ ಹಿಡಿಯಬೇಕು. ನನ್ನ ಕೈಯಲ್ಲಿದ್ದರೆ ನಾಳೆಯೇ ಕಾನೂನು ಮಾಡ್ತಿದ್ದೆ."

"ದೀಪದ ಕಾನೂನು ಸಮ. ಎದುರಿಗೆ ಬಂದವ ನೋಡ್ಬೇಕಲ್ಲ. ಆದ್ರೆ ತಲೆ ನಂದಲ್ದಾ? ನನ್ನ ತಲೆ ಒಡೆದ್ರೆ ಸರ್ಕಾರಕ್ಕೆ ಎಂತ ನೋವು?"

"ಸರ್ಕಾರಕ್ಕಲ್ಲ, ನಿನ್ನ ಹೆಂಡತಿ ಗಂಗೆಗೆ ನೋವು."

"ಗಂಗೆಗಾ! ಅವಳೇ ದಿನಾ ನಿನ್ನ ತಲೆ ಒಡೀತೆ ಒಡೀತೆ ಅಂತಾಳೆ!"

ಹೀಗೆ ಒಂದು ಶನಿವಾರ. ಬೆಳಗಿನ ಶಾಲೆ ಮುಗಿಸಿ ಮಧ್ಯಾಹ್ನ ವಾಪಸು ಬರುತ್ತಿದ್ದೆ. ನಮ್ಮ ದಾರಿಯಲ್ಲೊಂದು ಏರು ಇತ್ತು, ಎರಡೂ ಕಡೆ ಕೆಂಪು ಚಿರೆಕಲ್ಲಿನ ಪಾಗಾರದ ಗೋಡೆ. ನಾನು ಸೈಕಲ್ಲಿನಿಂದಿಳಿದು ತಳ್ಳಿಕೊಂಡು ಹತ್ತುತ್ತಿದ್ದೆ. ಆ ದಿನ ದೋಣಿಗಳು ತಡವಾಗಿ ಬಂದಿದ್ದವು; ಜಟ್ಟಣ್ಣ ಬುಟ್ಟಿ ತುಂಬ ಬಂಗಡೆ ಹೇರಿಕೊಂಡು ಮೇಲಿನಿಂದ ವೇಗವಾಗಿ ಇಳಿದು ಬರುತ್ತಿದ್ದ. ನನ್ನನ್ನು ಕಂಡ. ಮುಖ ಅರಳಿತು. ಬಲಗೈ ಬ್ರೇಕು ಬಿಟ್ಟು ಟೊಪ್ಪಿಗೆ ಹೋಯಿತು.

"ಬೇಡ!" ಎಂದು ನಾನು ಕೂಗಿದ್ದು ಅವನಿಗೆ ಕೇಳಿಸಿತೋ ಇಲ್ಲವೋ. ಜಲ್ಲಿಕಲ್ಲಿನ ಮೇಲೆ ಮುಂದಿನ ಗಾಲಿ ಜಾರಿತು. ಸೈಕಲ್ ಒಂದು ಕಡೆ, ಬುಟ್ಟಿ ಒಂದು ಕಡೆ. ಜಟ್ಟಣ್ಣನ ಬರಿ ತಲೆ ಪಾಗಾರದ ಮೂಲೆಗೆ ಬಡಿದ ಸದ್ದು ನನಗೆ ಇವತ್ತಿಗೂ ಕೇಳುತ್ತದೆ. ಟೊಪ್ಪಿ ಕೈಯಲ್ಲೇ ಇತ್ತು.

ನಾನು ಓಡಿಹೋಗಿ ಮುಟ್ಟುವಷ್ಟರಲ್ಲಿ ಅವನೇ ಎದ್ದು ಕೂತ. ರಕ್ತ ಎಂದರೆ ಕಿವಿಯ ಮೇಲೆ ಇಷ್ಟೇ ಇಷ್ಟು. ತಲೆ ಕೊಡವಿದ. ಎದ್ದು ನಿಂತ. ಮಣ್ಣಿಗೆ ಬಿದ್ದ ಬಂಗಡೆ ಆರಿಸತೊಡಗಿದ.

"ಎಂತ ಆಗ್ಲಿಲ್ಲ ಅಕ್ಕೋರೆ. ಸ್ವಲ್ಪ ಕಣ್ಣು ಕತ್ತಲೆ ಬಂದಂಗಾತು, ಅಷ್ಟೇ."

ಅಣ್ಣನೂ ಹೀಗೇ ಎದ್ದು ನಿಂತಿದ್ದ.

"ಜಟ್ಟಣ್ಣ, ಈಗಲೇ ಡಾಕ್ಟರ ಹತ್ತಿರ ಹೋಗಬೇಕು."

"ಸುಮ್ನಿರ್ರಾ. ಈ ಬಿಸಿಲಿಗೆ ಮೀನು ತಡೀತದ್ರಾ? ಮೊದಲು ಮಾರ್ಕಂಡ್ ಬತ್ತೆ. ಸಂಜೆ ನೋಡ್ವ."

"ಸಂಜೆಗೆ ನೀನು ಇರೋದಿಲ್ಲ!" ಎಂದುಬಿಟ್ಟೆ. ಅಷ್ಟು ಕಟುವಾಗಿ ನಾನು ಯಾರಿಗೂ ಹೇಳಿದವಳಲ್ಲ. ಅವನು ಬೆಪ್ಪಾಗಿ ನೋಡಿದ. ಆದರೂ ಕೈ ಬುಟ್ಟಿಯನ್ನು ಬಿಡಲಿಲ್ಲ. ಅವನ ಸಂಕಟ ನನಗೆ ಅರ್ಥವಾಗುತ್ತಿತ್ತು. ಬಂಗಡೆಗೆ ನಾಳೆ ಎಂಬುದಿಲ್ಲ. ಬುಟ್ಟಿ ಕೊಳೆತರೆ ಮನೆಯ ಒಲೆ ಉರಿಯುವುದಿಲ್ಲ.

ಆಗ ನನ್ನ ಬಾಯಿಂದ ಬಂದ ಮಾತಿಗೆ ನಾನೇ ದಂಗಾದೆ. "ಮೀನು ನಾನು ಮಾರ್ತೇನೆ. ನೀನು ಹೋಗು."

"ನೀವಾ?" ಅಂಥ ಹೊತ್ತಿನಲ್ಲೂ ಅವನಿಗೆ ನಗು ಬಂತು. "ಇಂಗ್ಲಿಷಲ್ಲಿ ಮಾರ್ತ್ರಾ ಅಕ್ಕೋರೆ?"

ದೇವರು ದೊಡ್ಡವನು. ಅದೇ ಹೊತ್ತಿಗೆ ಚಿರೆಕಲ್ಲು ಇಳಿಸಿ ಖಾಲಿಯಾದ ಲಾರಿಯೊಂದು ಪೇಟೆಯ ಕಡೆ ಹೊರಟು ಬಂತು. ನಾನು ರಸ್ತೆಯ ನಡುವೆ ನಿಂತು ಎರಡೂ ಕೈ ಎತ್ತಿದೆ. ಡ್ರೈವರು ಭಟ್ಕಳದ ಸಾಬರು, ಬಿಳಿ ಗಡ್ಡದವರು. ವಿಷಯ ಕೇಳಿ ಕೆಳಗಿಳಿದು ಜಟ್ಟಣ್ಣನ ಭುಜ ಹಿಡಿದರು. "ಚಲೋ ಭಾಯಿ, ಹತ್ತು. ಅಮ್ಮಾವರು ಇಷ್ಟು ಹೇಳ್ತಾರೆ ಅಂದ್ರೆ ಹೋಗ್ಲೇಬೇಕು."

"ನಿದ್ದೆ ಮಾಡೋಕೆ ಬಿಡಬೇಡಿ ಸಾಬರೆ, ಮಾತಾಡಿಸ್ತಾ ಇರಿ" ಎಂದೆ.

"ನೀವು ಫಿಕರ್ ಮಾಡ್ಬೇಡಿ. ನನ್ನ ಬಾಯಿಗೆ ಬ್ರೇಕೇ ಇಲ್ಲ" ಎಂದರು.

ಲಾರಿ ಹೋಯಿತು. ರಸ್ತೆಯಲ್ಲಿ ಉಳಿದದ್ದು ನಾನು, ಎರಡು ಸೈಕಲ್ಲು, ಒಂದು ಬುಟ್ಟಿ ಬಂಗಡೆ. ನನ್ನ ಸೈಕಲ್ಲನ್ನು ಪಾಗಾರಕ್ಕೆ ಒರಗಿಸಿ ಬೀಗ ಹಾಕಿದೆ. ಅವನ ಸೈಕಲ್ಲನ್ನು ತಳ್ಳಿಕೊಂಡು ಏರು ಹತ್ತಿದೆ. ನಮ್ಮ ಸಿಸ್ಟರ್ ಹೇಳುತ್ತಿದ್ದರು, ಲೇಡಿಯಾದವಳು ಬೀದಿಯಲ್ಲಿ ಧ್ವನಿ ಎತ್ತಬಾರದು ಎಂದು. ಮೊದಲ ಕೇರಿಯ ಬಾಯಿಗೆ ನಿಂತು, ಸಿಸ್ಟರ್ ಪ್ಲೀಸ್ ಫರ್ಗಿವ್ ಮಿ ಎಂದುಕೊಂಡು ಹಾರ್ನು ಒತ್ತಿದೆ. ಪೋಂ ಪೋಂ. ಆಮೇಲೆ "ಬಂಗಡೆ..." ಎಂದೆ. ರೋಲ್ ಕಾಲ್ ಮಾಡಿದ ಹಾಗಿತ್ತು.

ನೆರೆಮನೆಯ ಪಾರ್ವತಕ್ಕ ಪಾತ್ರೆ ಹಿಡಿದು ಬಂದವರು ಅಲ್ಲೇ ನಿಂತರು. "ಅಯ್ಯೋ ದೇವ್ರೆ! ಬ್ಯಾಂಕಿನವರ ಮನೆಯವ್ರು ಮೀನು ಮಾರೂಕೆ ಹೊರಟ್ರಾ? ಸಂಬಳ ಸಾಲೂದಿಲ್ಲೇನ್ರಾ?"

ನಾನು ನಡೆದದ್ದನ್ನು ಹೇಳಿದೆ. ಪಾರ್ವತಕ್ಕ ಪಾತ್ರೆಯನ್ನು ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಕೈಯಿಂದ ಹಾರ್ನು ಕಸಿದುಕೊಂಡಂತೆ ಒತ್ತಿದರು. "ನಿಮ್ಮ ಹಂಗೆ ಕೂಗಿದ್ರೆ ಬಂಗಡೆಗೂ ಕೇಳೂದಿಲ್ಲ. ಬನ್ನಿ ನನ್ನ ಸಂಗ್ತಿ." ಆಮೇಲೆ ಅವರು ಕೂಗಿದ್ದು ಸಮುದ್ರದವರೆಗೂ ಕೇಳಿಸಿರಬೇಕು.

ಮನೆ ಮನೆಯಿಂದ ಹೆಂಗಸರು ಬಂದರು. ರೇಟು ನನಗೆಲ್ಲಿ ಗೊತ್ತು? "ಜಟ್ಟಿಗೆ ಎಷ್ಟು ಕೊಡ್ತೀರೋ ಅಷ್ಟೇ ಕೊಡಿ" ಎಂದೆ. ಯಾವಾಗಲೂ ಒಂದು ಬಂಗಡೆ ಹೆಚ್ಚಿಗೆ ಹಾಕಿಸಿಕೊಳ್ಳದೆ ಬಿಡದವರು ಅಂದು ಚೌಕಾಸಿ ಮಾಡಲಿಲ್ಲ. ಕೊನೆಗೆ ಉಳಿದ ಮೀನನ್ನು ಪಾರ್ವತಕ್ಕನೇ ಒಯ್ದು ಉಪ್ಪು ಹಾಕಿಟ್ಟರು. ಬ್ಯಾಂಕಿನಿಂದ ಬಂದ ನಮ್ಮವರು ಬಾಗಿಲಲ್ಲೇ ಮೂಗು ಮುಚ್ಚಿಕೊಂಡು, "ಏನಿದು ಸ್ಮೆಲ್ಲು?" ಎಂದರು. ಹೇಳಿದೆ. ಅವರು ಬಚ್ಚಲಿಗೆ ಹೋಗಿ ನನಗೆ ಬಿಸಿನೀರು ತೋಡಿಟ್ಟರು.

ಸಂಜೆ ಆ ಲಾರಿ ಡ್ರೈವರು ಮನೆ ಹುಡುಕಿಕೊಂಡು ಬಂದರು. ಪೇಟೆ ಮುಟ್ಟುವ ಮೊದಲೇ ಜಟ್ಟಣ್ಣ ವಾಂತಿ ಮಾಡಿದನಂತೆ. ಡಾಕ್ಟರ ಬಾಗಿಲಿಗೆ ಹೋಗುವಾಗ ಹೆಂಡತಿಯ ಹೆಸರು ಕೇಳಿದರೆ ಹೇಳಲಾಗಲಿಲ್ಲವಂತೆ. ಡಾಕ್ಟರು ಕೈಯಿಟ್ಟು ನೋಡಿದವರೇ ಟ್ಯಾಕ್ಸಿ ಮಾಡಿಸಿ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಗಂಗೆ ಕಡಲ ದಂಡೆಯಿಂದ ಉಟ್ಟ ಸೀರೆಯಲ್ಲೇ ಓಡಿಬಂದು ಹತ್ತಿದಳು. ಅಂದು ರಾತ್ರಿಯೇ ಅಲ್ಲಿ ತಲೆಯ ಆಪರೇಷನ್ ಆಯಿತೆಂದು ಆಮೇಲೆ ತಿಳಿಯಿತು. ಒಳಗೆ ರಕ್ತ ಕಟ್ಟಿತ್ತಂತೆ. ಮೀನು ಮಾರಿ ಸಂಜೆಗೆ ಬಂದಿದ್ದರೆ ತಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದರಂತೆ ಅಲ್ಲಿಯ ಡಾಕ್ಟರು. ಆ ಮಾತು ಕೇಳಿದ ದಿನ ನಾನು ಬಾಗಿಲು ಹಾಕಿಕೊಂಡು ಅತ್ತೆ. ಅರ್ಧ ಜಟ್ಟಣ್ಣನಿಗಾಗಿ, ಅರ್ಧ ನನ್ನ ಅಣ್ಣನಿಗಾಗಿ.

ಆ ಬೇಸಗೆಗೆ ಜಟ್ಟಣ್ಣ ಮತ್ತೆ ಸೈಕಲ್ ಹತ್ತಿದ. ಬೋಳು ತಲೆ, ಕಿವಿಯ ಮೇಲೆ ಹೊಲಿಗೆಯ ಗುರುತು. ಜೀವ ಬಂತು, ಆದರೆ ಒಂದು ಹೋಯಿತು: ವಾಸನೆ. ಮೀನು ಮಾರುವವನಿಗೆ ಮೀನಿನ ವಾಸನೆ ತಿಳಿಯದು! "ಈಗ ನಂಗೆ ತಾರ್ಲೆ ಮೀನೂ ಒಂದೇ, ಮಲ್ಲಿಗೆಯೂ ಒಂದೇ ಅಕ್ಕೋರೆ" ಎಂದು ನಕ್ಕ. ಕಿವಿರು ಎತ್ತಿ ಬಣ್ಣ ನೋಡುತ್ತಿದ್ದ, ಬೆರಳಿನಿಂದ ಒತ್ತುತ್ತಿದ್ದ. ಆದರೂ ಗಂಗೆ ಬುಟ್ಟಿ ಮೂಸಿ "ಆತು, ಹೋಗು" ಎಂದ ಮೇಲೇ ಹೊರಡುವುದು. "ಮೂಗು ಅವಳದು, ಸೈಕಲ್ ನಂದು" ಎನ್ನುತ್ತಿದ್ದ.

ಟೊಪ್ಪಿ ತಲೆಯ ಮೇಲಿದ್ದಿದ್ದರೆ ಪೆಟ್ಟು ತಪ್ಪುತ್ತಿತ್ತೇ? ಹಾಳೆಯ ಟೊಪ್ಪಿ ಹೆಲ್ಮೆಟ್ ಅಲ್ಲ, ನನ್ನ ಬೆಂಡಿನ ಹ್ಯಾಟೂ ಅಲ್ಲ. ಆದರೆ ಆ ಕೈ ಬ್ರೇಕು ಬಿಡದಿದ್ದರೆ ಅವನು ಬೀಳುತ್ತಲೇ ಇರಲಿಲ್ಲ. ಅದನ್ನೇ ಅವನಿಗೆ ಹೇಳಿದೆ. "ಇವತ್ತಿನಿಂದ ಸೈಕಲ್ ಮೇಲಿದ್ದಾಗ ಯಾರಿಗೂ ಟೊಪ್ಪಿ ತೆಗೆಯಕೂಡದು. ಇದು ಕಾನೂನು."

ಅವನು ತಲೆ ಕೆರೆದುಕೊಂಡ. "ದೊಡ್ಡವರು ಬೇಜಾರು ಮಾಡ್ಕಳ್ತಾರಲ್ರಾ."

"ನನ್ನ ಹೆಸರು ಹೇಳು."

ಅವನು ನಿಜವಾಗಿಯೂ ಹೇಳಿದ. ಅದೇ ನನಗೆ ಆಶ್ಚರ್ಯ. ಜಮೀನಿನವರ ಜಗಲಿಯ ಮೇಲಿನಿಂದ ಒಬ್ಬರು, "ಏನೋ ಜಟ್ಟಿ, ತಲೆಗೆ ಪೆಟ್ಟು ಬಿದ್ದ ಮೇಲೆ ಸೊಕ್ಕು ಬಂತೇನೋ?" ಎಂದು ಕೇಳಿದರಂತೆ. ಇವನು ಟೊಪ್ಪಿ ತಲೆಯ ಮೇಲೇ ಇಟ್ಟುಕೊಂಡು, "ಎಂತ ಮಾಡೂದ್ರಾ ಒಡೆಯ, ಅಕ್ಕೋರ ಕಾನೂನು. ತೆಗೂಹಂಗಿಲ್ಲ" ಎಂದು ಪೋಂ ಪೋಂ ಮಾಡಿ ಮುಂದೆ ಹೋದನಂತೆ. ಕೆಲವು ದಿನಗಳಲ್ಲಿ ಮತ್ತೊಬ್ಬ ಮೀನಿನವನೂ ಅದನ್ನೇ ಹೇಳತೊಡಗಿದ. ಆಮೇಲೆ ಸೈಕಲ್ಲಿನ ಮೇಲೆ ಹೋಗುವ ಗಾರೆ ಕೆಲಸದವರು. ನನ್ನನ್ನು ಕಾಣದವರೂ "ಅಕ್ಕೋರ ಕಾನೂನ್ರಾ" ಎನ್ನುತ್ತಿದ್ದರು.

ಈಚೆಗೆ ನನ್ನ ಮೊಮ್ಮಗಳಿಗೆ ಕಾಲೇಜಿನಲ್ಲೊಂದು ಡಿಬೇಟು. ಸೈಕಲ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಬೇಕೇ ಎಂಬುದು ವಿಷಯ. ಅವಳದು ಬೇಡವೆನ್ನುವ ಪಕ್ಷ. "ಅಜ್ಜಿ, ಕಾನೂನು ಮಾಡಿದರೆ ಬಡವರು ಸೈಕಲ್ಲೇ ಬಿಡ್ತಾರೆ. ತಲೆ ಅವರದು, ಫ್ರೀಡಮ್ ಅವರದು" ಎಂದಳು. ಬಡವರ ಮಾತು ನಿಜ. ಕೈಗೆಟುಕುವ ಹೆಲ್ಮೆಟ್ ಕೊಡದೆ ದಂಡ ಹಾಕುವ ಸರ್ಕಾರದ ಜೊತೆ ನಾನೂ ಜಗಳಕ್ಕೆ ನಿಲ್ಲುತ್ತೇನೆ. ಆದರೆ ಫ್ರೀಡಮ್ ಎಂದಾಗ ನನಗೆ ನಗು ಬಂತು. ಅವಳಿಗೆ ಹೇಳಿದೆ: ಸ್ವೀಟ್‌ಹಾರ್ಟ್, ಕಾನೂನು ಇಲ್ಲದಾಗ ಜಟ್ಟಣ್ಣನ ತಲೆ ಅವನದಾಗಿತ್ತೇ? ದಾರಿಯಲ್ಲಿ ಕಂಡವರೆಲ್ಲರದೂ ಆಗಿತ್ತು. ನನ್ನದೂ ಆಗಿತ್ತು. "ಕಾನೂನು, ಏನು ಮಾಡಲಿ" ಎಂದು ಹೇಳಲು ಒಂದು ನೆವ ಸಿಕ್ಕಿದ ಮೇಲಲ್ಲವೇ ಅದು ಅವನದಾದದ್ದು? ಆದ್ದರಿಂದ ಕಾನೂನು ಬೇಕು ಎಂದೇ ನಾನು ಹೇಳುವುದು. ಡಿಬೇಟಿನಲ್ಲಿ ಯಾರು ಗೆದ್ದರೆಂದು ನಾನು ಕೇಳಲಿಲ್ಲ.

ಎಂಬತ್ತೈದರ ಸುಮಾರಿಗೆ ನಮಗೆ ಹೊನ್ನಾವರಕ್ಕೆ ಟ್ರಾನ್ಸ್‌ಫರ್ ಆಯಿತು. ಸಾಮಾನಿನ ಲಾರಿಯಲ್ಲಿ ಡ್ರೈವರಿನ ಪಕ್ಕ ಕುಳಿತು, ಹ್ಯಾಟನ್ನು ತೊಡೆಯ ಮೇಲಿಟ್ಟುಕೊಂಡು ಅದೇ ಇಳಿಜಾರಿನಲ್ಲಿ ಇಳಿಯುತ್ತಿದ್ದೆ. ಎದುರಿನಿಂದ ಜಟ್ಟಣ್ಣ ಸೈಕಲ್ ಹೊಡೆದುಕೊಂಡು ಏರು ಹತ್ತುತ್ತಿದ್ದ. ನನ್ನನ್ನು ಕಂಡ. ಕೈ ಒಂದು ಕ್ಷಣ ಅಳುಕಿತು, ಹಳೆಯ ರೂಢಿ. ಆಮೇಲೆ ಎರಡೂ ಕೈಯಿಂದ ಹ್ಯಾಂಡಲ್ ಬಿಗಿಯಾಗಿ ಹಿಡಿದು, ಟೊಪ್ಪಿ ಹಾಕಿದ ತಲೆಯನ್ನು ನೆಟ್ಟಗೆ ಎತ್ತಿ ನನ್ನನ್ನೇ ನೋಡುತ್ತ ದಾಟಿ ಹೋದ. ಹಿಂದಿನಿಂದ ಹಾರ್ನು ಬಹಳ ದೂರದವರೆಗೆ ಕೇಳಿಸುತ್ತಲೇ ಇತ್ತು. ಟೀಚರಾಗಿ ನಾನು ಬಹಳಷ್ಟು ನಮಸ್ಕಾರಗಳನ್ನು ಪಡೆದಿದ್ದೇನೆ. ನೆನಪಾದಾಗ ಈಗಲೂ ಕಣ್ಣು ತುಂಬುವುದು ಅವನು ಅಂದು ಮಾಡದ ಆ ನಮಸ್ಕಾರಕ್ಕೆ.