ಹೊರಗಿಟ್ಟ ಬೂಟು

ಉಸ್ಕುದಾರಿನ ನಮ್ಮ ಕಟ್ಟಡದಲ್ಲಿ ಮೆಟ್ಟಿಲು ಹತ್ತುವವರೆಲ್ಲ ಎರಡನೇ ಮಹಡಿ ಬಂದೊಡನೆ ಉಸಿರು ಬಿಗಿಹಿಡಿಯುತ್ತಾರೆ, ಯಾಕೆಂದರೆ ಅಲ್ಲಿ ಮನೆ ಒಡತಿ ನೆಜಾಹತ್ ಹಾನುಂ ಬಾಗಿಲ ಸಂದಿಗೆ ಕಣ್ಣಿಟ್ಟು ನಿಂತಿರುತ್ತಾರೆ. ಬೆಕ್ಕು ದಾಟಿದರೂ ಅದು ಯಾರ ಮನೆಯದೆಂದು ಅವರಿಗೆ ಗೊತ್ತು. ಮೀನು ಹುರಿದವರಿಗೂ ಬೈಗುಳ, ಟೀ ಗ್ಲಾಸು ಒಡೆದವರಿಗೂ ಬೈಗುಳ. ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟವರ ಕಥೆಯಂತೂ ಮುಗಿದಂತೆಯೇ. ನಮ್ಮಲ್ಲಿ ಸತ್ತವರ ಬೂಟನ್ನು ಹಾಗೆ ಹೊರಗಿಡುತ್ತಾರೆ, ಇಲ್ಲದವರು ಯಾರಾದರೂ ಒಯ್ಯಲೆಂದು. “ಏನಮ್ಮಾ, ನಿಮ್ಮನೇಲಿ ಯಾರಾದ್ರೂ ಹೋಗ್ಬಿಟ್ರಾ? ಸಾವಿನ ಹಲ್ವ ನಾನೇ ಮಾಡ್ಲಾ?” ಎಂದು ಹಾನುಂ ಇಡೀ ಕಟ್ಟಡಕ್ಕೆ ಕೇಳುವಂತೆ ವಿಚಾರಿಸುತ್ತಾರೆ. ಮೇಲಿನ ಮನೆಯ ದಂತವೈದ್ಯರು ಬೂಟನ್ನು ಕಂಕುಳಲ್ಲಿಟ್ಟುಕೊಂಡು ಒಳಗೆ ನುಗ್ಗುವುದನ್ನು ನಾನೇ ಕಂಡಿದ್ದೇನೆ. ಹೋದ ಚಳಿಗಾಲದಲ್ಲಿ ಹಾನುಂ ಅವರ ಗಂಡ ರೆಫಿಕ್ ಬೇ ತೀರಿಕೊಂಡಾಗ ಅವರು ಕೂಡ ಪದ್ಧತಿಯಂತೆ ಗಂಡನ ಕರಿ ಬೂಟನ್ನು ಹೊರಗಿಟ್ಟರು. ಸಂಜೆ ಗುಜರಿಯವನೊಬ್ಬ ಬಗ್ಗಿ ಅದಕ್ಕೆ ಕೈಹಾಕಿದ. ಫಕ್ಕನೆ ಬಾಗಿಲು ತೆರೆಯಿತು. ನಾವು ಮೆಟ್ಟಿಲಲ್ಲೇ ಕಲ್ಲಾಗಿ ನಿಂತೆವು. ಹಾನುಂ ಬೈಯಲಿಲ್ಲ. “ಇವತ್ತೊಂದಿನ ಇರ್ಲಿ ಬಿಡು ಮಗಾ, ನಾಳೆ ಬಾ,” ಎಂದರು. ಅವನು ಮರುದಿನವೂ ಬಂದ, ಅವರು ಅದನ್ನೇ ಅಂದರು. ಈಗ ಇನ್ನೊಂದು ಚಳಿಗಾಲ ಬಂದಿದೆ. ಬೂಟು ಅಲ್ಲೇ ಇದೆ, ಹೊಸ ಪಾಲಿಶ್ ಹಾಕಿಸಿಕೊಂಡು ಹೊಳೆಯುತ್ತಿದೆ. ಯಾರ ಹೆಜ್ಜೆ ಅದರ ಹತ್ತಿರ ನಿಧಾನವಾದರೂ ಸಾಕು, ಬಾಗಿಲ ಸಂದಿಯಿಂದ ಮೆಲ್ಲನೆ ಕೇಳಿಬರುತ್ತದೆ: “ನಾಳೆ ಬಾ ಮಗಾ.”